ಊರಿನ ಹಳೇ ರಸ್ತೆಗೆ ದುಡ್ಡು ಯಾಕೆ ಬರಲ್ಲ? ಮನವಿ ಪತ್ರದಿಂದ ಕ್ರಿಯಾ ಯೋಜನೆವರೆಗೆ

ಹೋದ ಭಾನುವಾರ ಮಾತಾಡಿದ್ದರ ಬರಹ ರೂಪ ಇದು. ವಿಡಿಯೊ ನೋಡಿದವರು ಕೇಳಿದ ಎರಡು ಮೂರು ಪ್ರಶ್ನೆಗಳಿಗೆ ಕೊನೆಯಲ್ಲಿ ಉತ್ತರ ಸೇರಿಸಿದ್ದೀನಿ.

ವಿಷಯ ಶುರುವಾಗಿದ್ದು ವಿಶಾಖಪಟ್ಟಣದ ಮಧುರವಾಡದಲ್ಲಿರೋ ಗೆಳೆಯರೊಬ್ಬರ ಮೆಸೇಜಿನಿಂದ. ಅವರದು ರಾಯಚೂರು ಕಡೆ ಹಳ್ಳಿ. "ಸರ್, ನಮ್ಮೂರ ರಸ್ತೆ ಮಾಡಿ 15 ವರ್ಷ ಆಯ್ತು. ಡಾಂಬರು ಎದ್ದು ಹೋಗಿ ಜಲ್ಲಿ ಕಾಣ್ತಿದೆ. ಶಾಸಕರಿಗೆ ಮೂರು ಸಲ ಮನವಿ ಕೊಟ್ವಿ, ಪೇಪರ್‌ನಲ್ಲಿ ಫೋಟೊನೂ ಬಂತು. ಏನೂ ಆಗಿಲ್ಲ. ಇಲ್ಲಿ ನೋಡಿದ್ರೆ ಹಳ್ಳಿ ಹಳ್ಳಿಗೂ ರಸ್ತೆ ಆಗ್ತಿದೆ ಅಂತಾರೆ. ನಮಗೆ ಯಾಕಾಗಲ್ಲ?"

ಉತ್ತರ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬಿಡಿಸೋಣ. ಮನವಿ ಪತ್ರಕ್ಕೆ ಸರ್ಕಾರದಲ್ಲಿ ದುಡ್ಡು ಇರಲ್ಲ. ದುಡ್ಡು ಇರೋದು ಕ್ರಿಯಾ ಯೋಜನೆಯಲ್ಲಿ ಒಂದು ಸಾಲಾಗಿ ಕೂತ ಕಾಮಗಾರಿಗೆ. ಆ ಸಾಲಿನಲ್ಲಿ ರಸ್ತೆಯ ಹೆಸರು, ನಂಬರು, ಉದ್ದ, ಅಂದಾಜು ಮೊತ್ತ, ಯಾವ ಲೆಕ್ಕಶೀರ್ಷಿಕೆ ಅನ್ನೋದು ಇರಬೇಕು. ನಮ್ಮ ಮನವಿಯಲ್ಲಿ ಇವು ಯಾವುದೂ ಇರಲ್ಲ. "ರಸ್ತೆ ತೀರಾ ಹದಗೆಟ್ಟಿದ್ದು ಸಾರ್ವಜನಿಕರಿಗೆ ತೊಂದರೆಯಾಗುತ್ತಿದೆ" ಅಂತಷ್ಟೇ ಇರುತ್ತೆ. ಓದಿದ ಅಧಿಕಾರಿ "ಪರಿಶೀಲಿಸಿ" ಅಂತ ಬರೆದು ಕೆಳಗೆ ಕಳಿಸ್ತಾರೆ. ಅದು ಹೋಗಿ ಯಾರ ರಸ್ತೆ ಅಂತ ಗೊತ್ತಿಲ್ಲದ ಟೇಬಲ್ ಮೇಲೆ ಕೂರುತ್ತೆ.

ಆಂಧ್ರದಲ್ಲಿ ಆಗಿದ್ದೇನು

ವಿಜಯವಾಡದಲ್ಲಿರೋರಿಗೆ ಕಂಕಿಪಾಡು ಗೊತ್ತೇ ಇರುತ್ತೆ, ಮಚಲಿಪಟ್ಟಣದ ದಾರಿಯಲ್ಲಿ ಸಿಗುತ್ತಲ್ಲ. 2024ರ ಅಕ್ಟೋಬರ್ 14ರಂದು ಉಪ ಮುಖ್ಯಮಂತ್ರಿ ಪವನ್ ಕಲ್ಯಾಣ್ 'ಪಲ್ಲೆ ಪಂಡುಗ' ಶುರು ಮಾಡಿದ್ದು ಅಲ್ಲೇ. ಪಂಚಾಯತ್ ರಾಜ್ ಖಾತೆ ಅವರದೇ. ಸುಮಾರು 4,500 ಕೋಟಿ ರೂಪಾಯಿ, 30 ಸಾವಿರ ಕಾಮಗಾರಿಗಳು. ಟಿವಿಯಲ್ಲಿ ನಾವೆಲ್ಲ ನೋಡಿದ್ದು ಆ ದಿನವನ್ನು. ಆದರೆ ಕೆಲಸ ನಡೆದಿದ್ದು ಅದಕ್ಕೂ ಏಳು ವಾರ ಮುಂಚೆ, ಆಗಸ್ಟ್ 23ರಂದು. ಅವತ್ತು ಒಂದೇ ದಿನ ರಾಜ್ಯದ 13,326 ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮ ಸಭೆ ನಡೆಸಿ, ಉದ್ಯೋಗ ಖಾತರಿ ಕೆಲಸಗಳ ಪಟ್ಟಿಗೆ ಒಪ್ಪಿಗೆ ತಗೊಂಡರು. ಅವತ್ತು ಪಟ್ಟಿಗೆ ಹತ್ತಿದ ಸಿಸಿ ರಸ್ತೆ, ಚರಂಡಿ, ದನದ ಕೊಟ್ಟಿಗೆಗಳಿಗೆ ಅಕ್ಟೋಬರ್‌ನಲ್ಲಿ ಗುದ್ದಲಿ ಪೂಜೆ. ಪಟ್ಟಿಗೆ ಹತ್ತದೇ ಇದ್ದವು ಹೊರಗೆ ಉಳಿದವು. ರಾಜಕೀಯ ಯಾರದೇ ಇರಲಿ, ಕ್ರಮ ಮಾತ್ರ ಇದು: ಮೊದಲು ಪಟ್ಟಿ, ಆಮೇಲೆ ಪೂಜೆ.

ಅದೇ ವರ್ಷ ನವೆಂಬರ್ 2ರಂದು ಅನಕಾಪಲ್ಲಿ ಜಿಲ್ಲೆಯ ಪರವಾಡ ಮಂಡಲದ ವೆನ್ನೆಲಪಾಲೆಂನಲ್ಲಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಗುಂಡಿ ಮುಚ್ಚೋ ಅಭಿಯಾನ ಶುರು ಮಾಡಿದರು. 860 ಕೋಟಿ, ಸಂಕ್ರಾಂತಿಯೊಳಗೆ ಮುಗಿಸೋ ಗುರಿ. ಇದು ಹೊರಟಿದ್ದು ಆರ್ ಅಂಡ್ ಬಿ, ಅಂದರೆ ನಮ್ಮ ಲೋಕೋಪಯೋಗಿ ಇಲಾಖೆಗೆ ಸಮನಾದ ಇಲಾಖೆಯ ರಸ್ತೆಗಳಿಗೆ. ಅದೇ ಊರಿಗೆ ಹೋಗೋ ರಸ್ತೆ ಪಂಚಾಯತ್ ರಾಜ್ ಇಲಾಖೆಯದಾಗಿದ್ದರೆ ಅದರ ದುಡ್ಡಿನ ದಾರಿಯೇ ಬೇರೆ. ಗುಂಡಿ ಒಂದೇ ಥರ ಇರುತ್ತೆ, ಇಲಾಖೆ ಬೇರೆ.

ಇನ್ನು ವಿಶಾಖದವರು ವಾರಾಂತ್ಯಕ್ಕೆ ಅರಕು, ಲಂಬಸಿಂಗಿ ಅಂತ ಹೋಗ್ತೀವಿ. ಘಾಟ್ ರಸ್ತೆ ಚೆನ್ನಾಗಿರುತ್ತೆ, ಕಾಫಿ ಕುಡೀತೀವಿ, ಫೋಟೊ ತೆಗೀತೀವಿ. ಆ ರಸ್ತೆಯಿಂದ ಬೆಟ್ಟದ ಒಳಗೆ ಹೋದರೆ ಇವತ್ತಿಗೂ ಬಸುರಿ ಹೆಂಗಸರನ್ನು ಡೋಲಿ ಕಟ್ಟಿ ಹೊತ್ತು ತರಬೇಕಾದ ಹಾಡಿಗಳಿವೆ. 2022ರ ಏಪ್ರಿಲ್‌ನಲ್ಲಿ ಪಾಡೇರು ಕೇಂದ್ರವಾಗಿ ಆದ ಅಲ್ಲೂರಿ ಸೀತಾರಾಮರಾಜು ಜಿಲ್ಲೆ ಇದು. 2025ರ ಏಪ್ರಿಲ್‌ನಲ್ಲಿ ಡುಂಬ್ರಿಗುಡ ಮಂಡಲದಲ್ಲಿ 'ಅಡವಿ ತಲ್ಲಿ ಬಾಟ' ಶುರುವಾಯಿತು: 625 ಜನವಸತಿ, 1,069 ಕಿಲೋಮೀಟರ್, 1,005 ಕೋಟಿ. ಇದೂ ಒಂದೇ ಚೀಲದ ದುಡ್ಡಲ್ಲ. ಆದಿಮ ಬುಡಕಟ್ಟುಗಳಿಗೆ ಅಂತ ಕೇಂದ್ರ 2023ರ ನವೆಂಬರ್‌ನಲ್ಲಿ ತಂದ ಪಿಎಂ-ಜನ್‌ಮನ್, ಉದ್ಯೋಗ ಖಾತರಿ, ರಾಜ್ಯದ ಉಪ ಯೋಜನೆ, ಎಲ್ಲ ಸೇರಿಸಿ ಹೊಲಿದದ್ದು. ಭಾಗಿಸಿ ನೋಡಿ, ಕಿಲೋಮೀಟರಿಗೆ ಸುಮಾರು 94 ಲಕ್ಷ ಬರುತ್ತೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಗಮನಿಸಬೇಕಾದದ್ದು ಇದು. ಪಲ್ಲೆ ಪಂಡುಗದ್ದು ಬಹುಪಾಲು ಊರೊಳಗಿನ ಹೊಸ ಸಿಸಿ ರಸ್ತೆ. ಅಡವಿ ತಲ್ಲಿ ಬಾಟದ್ದು ರಸ್ತೆಯೇ ಇಲ್ಲದ ಊರಿಗೆ ಹೊಸ ರಸ್ತೆ. ಇವೆರಡರ ನಡುವೆ ಒಂದು ಇದೆಯಲ್ಲ, ಎಂದೋ ಆಗಿ, ಈಗ ಹಾಳಾಗಿರೋ ಐದಾರು ಕಿಲೋಮೀಟರಿನ ಡಾಂಬರು ರಸ್ತೆ, ಅದು ಎರಡೂ ಕಡೆ ಇಲ್ಲ. ನಮ್ಮ ಗೆಳೆಯರ ರಾಯಚೂರಿನ ರಸ್ತೆಯೂ ಅದೇ ಜಾತಿಯದು.

'ಸಂಪರ್ಕ ಹೊಂದಿದೆ' ಅನ್ನೋ ಒಂದು ಟಿಕ್ ಮಾರ್ಕ್

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಗಿದ್ದು 2000ದ ಡಿಸೆಂಬರ್ 25ರಂದು, ವಾಜಪೇಯಿ ಕಾಲದಲ್ಲಿ. ಗುರಿ ಸರಳ: ಬಯಲು ಸೀಮೆಯಲ್ಲಿ 500ಕ್ಕಿಂತ ಹೆಚ್ಚು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 250ಕ್ಕಿಂತ ಹೆಚ್ಚು ಜನರಿರೋ ಪ್ರತಿ ಜನವಸತಿಗೂ ಒಂದು ಸರ್ವಋತು ರಸ್ತೆ. ಡೀಸೆಲ್ ಮೇಲಿನ ಸೆಸ್ಸಿನಿಂದ ದುಡ್ಡು. ಮೊದಲು ಪೂರ್ತಿ ಕೇಂದ್ರದ್ದು, 2015-16ರಿಂದ ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40. ದೇಶದಲ್ಲಿ ಒಳ್ಳೆಯದಾಗಿ ನಡೆದ ಯೋಜನೆಗಳಲ್ಲಿ ಇದೂ ಒಂದು ಅಂತ ನನ್ನ ಅಭಿಪ್ರಾಯ.

ಆದರೆ ಅದರ ಲೆಕ್ಕ ಇರೋದು ಸಂಪರ್ಕದ ಮೇಲೆ. ನಿಮ್ಮೂರಿಗೆ ಒಂದು ಸಲ ರಸ್ತೆ ಬಂತು ಅಂದರೆ ದಾಖಲೆಯಲ್ಲಿ 'ಸಂಪರ್ಕ ಹೊಂದಿದೆ' ಅಂತ ಟಿಕ್ ಬೀಳುತ್ತೆ. ನಾವು ಐಟಿಯವರಿಗೆ ಇದು ಬೇಗ ಅರ್ಥ ಆಗುತ್ತೆ: ಟಿಕೆಟ್ ಕ್ಲೋಸ್ ಆಯ್ತು. ಸಿಸ್ಟಮ್ ಕೆಲಸ ಮಾಡ್ತಿದೆಯೋ ಇಲ್ಲವೋ ಅದು ಬೇರೆ ವಿಷಯ. ರಸ್ತೆ ಮಾಡಿದ ಗುತ್ತಿಗೆದಾರರೇ ಮೊದಲ ಐದು ವರ್ಷ ನಿರ್ವಹಣೆ ಮಾಡಬೇಕು, ಅದು ಒಪ್ಪಂದದಲ್ಲೇ ಇರುತ್ತೆ. ಆರನೇ ವರ್ಷದಿಂದ ಪೂರ್ತಿ ರಾಜ್ಯದ ಜವಾಬ್ದಾರಿ. ಅಲ್ಲಿಂದ ಅದು ಯಾರಿಗೂ ಬೇಡದ ಕೂಸು. ಹೊಸ ರಸ್ತೆಗೆ ಉದ್ಘಾಟನೆ ಇದೆ, ಬ್ಯಾನರ್ ಇದೆ. ಮೋರಿಯಲ್ಲಿ ಕಟ್ಟಿದ ಹೂಳು ತೆಗೆಸಿದ್ದಕ್ಕೆ ಯಾರು ಬ್ಯಾನರ್ ಹಾಕ್ತಾರೆ?

ಹಳೇ ರಸ್ತೆಗಳಿಗೆ ಅಂತಲೇ ಬಂದಿದ್ದು ಮೂರನೇ ಹಂತ, 2019ರಲ್ಲಿ. 1,25,000 ಕಿಲೋಮೀಟರ್, 80,250 ಕೋಟಿ. ಅದರಲ್ಲೂ ಎಲ್ಲ ಹಳೇ ರಸ್ತೆಗೂ ಜಾಗ ಇಲ್ಲ. ಹಲವು ಊರುಗಳನ್ನು ಶಾಲೆ, ಆಸ್ಪತ್ರೆ, ಕೃಷಿ ಮಾರುಕಟ್ಟೆಗೆ ಸೇರಿಸೋ ಮುಖ್ಯ ರಸ್ತೆಗಳಿಗೆ ಅಂಕ ಕೊಟ್ಟು ಆರಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಪಡೆದ ನಾಲ್ಕನೇ ಹಂತ ಮತ್ತೆ ಹೊಸ ಸಂಪರ್ಕಕ್ಕೇ: 2011ರ ಜನಗಣತಿ ಪ್ರಕಾರ ಇನ್ನೂ ರಸ್ತೆ ಇಲ್ಲದ 25,000 ಜನವಸತಿ, 62,500 ಕಿಲೋಮೀಟರ್, 70,125 ಕೋಟಿ. ಟಿವಿಯಲ್ಲಿ "ಗ್ರಾಮ ಸಡಕ್‌ಗೆ 70 ಸಾವಿರ ಕೋಟಿ" ಅಂತ ಕೇಳಿ ಊರಿಗೆ ಫೋನ್ ಮಾಡಿ "ಅರ್ಜಿ ಹಾಕ್ರಪ್ಪೋ" ಅಂದರೆ, ಆ ಅರ್ಜಿ ಮೊದಲ ಟೇಬಲ್ಲಿಗೇ ವಾಪಸ್ ಬರುತ್ತೆ. ನಿಮ್ಮೂರಿಗೆ ರಸ್ತೆ ಇದೆಯಲ್ಲ, ದಾಖಲೆಯಲ್ಲಿ.

ರಸ್ತೆ ಯಾಕೆ ಸಾಯುತ್ತೆ

ಇದನ್ನು ತಿಳ್ಕೊಂಡರೆ ಎಂಜಿನಿಯರ್ ಹತ್ರ ಮಾತಾಡೋದು ಸುಲಭ. ಅದಕ್ಕೇ ವಿಡಿಯೊದಲ್ಲಿ ಇದರ ಮೇಲೆ ಜಾಸ್ತಿ ಹೊತ್ತು ಕಳೆದೆ.

ಹಳ್ಳಿ ರಸ್ತೆಯ ಮೇಲೆ ಕಾಣೋ ಕಪ್ಪು ಪದರ ಎಷ್ಟು ದಪ್ಪ ಅಂದ್ಕೊಂಡಿದ್ದೀರಿ? ಸಾಮಾನ್ಯವಾಗಿ 20 ಮಿಲಿಮೀಟರ್. ಎರಡು ಸೆಂಟಿಮೀಟರ್ ಅಷ್ಟೇ. ಭಾರ ಹೊರೋದು ಅದಲ್ಲ, ಕೆಳಗಿನ ಜಲ್ಲಿ ಪದರಗಳು ಮತ್ತು ಅದರ ಕೆಳಗಿನ ಮಣ್ಣು. ಮೇಲಿನದು ಮಳೆ ನೀರು ಒಳಗೆ ಇಳಿಯದ ಹಾಗೆ ತಡೆಯೋ ರೇನ್‌ಕೋಟ್. ಅದಕ್ಕೇ ಐದಾರು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಹೊದಿಸಬೇಕು. ಹೊದಿಸದೇ ಬಿಟ್ಟರೆ ಬಿರುಕಲ್ಲಿ ನೀರು ಇಳಿದು ಕೆಳಗಿನ ಮಣ್ಣು ಮೆತ್ತಗಾಗುತ್ತೆ. ರಾಯಚೂರು, ಬಳ್ಳಾರಿ, ಕಲಬುರಗಿ ಕಡೆಯ ಎರೆ ಮಣ್ಣಂತೂ ಕೇಳಲೇಬೇಡಿ. ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರೋಷ್ಟು ಬಿರುಕು ಬಿಡುತ್ತೆ. ಅದರ ಮೇಲೆ ಕೂತ ರಸ್ತೆ ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಡುತ್ತೆ. ಪಕ್ಕದಲ್ಲಿ ಚರಂಡಿ ಇಲ್ಲದಿದ್ದರೆ, ಗದ್ದೆಯವರು ರಸ್ತೆ ಅಂಚನ್ನೇ ಬದು ಮಾಡ್ಕೊಂಡು ನೀರು ನಿಲ್ಲಿಸಿದ್ದರೆ, ಡಾಂಬರು ಎಷ್ಟು ಹಾಕಿದರೂ ಒಂದೇ.

ಎರಡನೇ ಶತ್ರು ಭಾರ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಅನ್ನೋ ಊರಿನ ಹತ್ತಿರ 1958ರಿಂದ 1960ರವರೆಗೆ ರಸ್ತೆ ಕಟ್ಟಿ, ಅದರ ಮೇಲೆ ಹಗಲೂ ರಾತ್ರಿ ಲಾರಿ ಓಡಿಸಿ ಒಂದು ದೊಡ್ಡ ಪರೀಕ್ಷೆ ಮಾಡಿದರು. ಅದರಿಂದ ಬಂದ ಲೆಕ್ಕವನ್ನು ಇವತ್ತಿಗೂ ಎಲ್ಲ ಕಡೆ ಬಳಸ್ತಾರೆ: ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗೋ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ನಾಲ್ಕನೇ ಘಾತದ ಲೆಕ್ಕ. ಎತ್ತಿನ ಗಾಡಿ, ಟೆಂಪೊ, ದಿನಕ್ಕೆರಡು ಬಸ್ಸು ಅಂತ ಲೆಕ್ಕ ಹಾಕಿ ಕಟ್ಟಿದ ರಸ್ತೆ ಮೇಲೆ ಈಗ ಭತ್ತ ಕೊಯ್ಯೋ ಯಂತ್ರ ಹೊತ್ತ ಲಾರಿ, ಮರಳು ಟಿಪ್ಪರ್ ಓಡ್ತಿವೆ. ಸಾಲದ್ದಕ್ಕೆ 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕಾನೂನುಬದ್ಧ ಆಕ್ಸಲ್ ಭಾರವನ್ನೇ ಹೆಚ್ಚಿಸಿತು. ನಾಲ್ಕು ಚಕ್ರದ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. 15 ವರ್ಷದ ಹಿಂದಿನ ಹಳ್ಳಿ ರಸ್ತೆಗೆ ಇದನ್ನು ಯಾರೂ ಹೇಳಿರಲಿಲ್ಲ.

ಕಾಯೋದಕ್ಕೂ ಬೆಲೆ ಇದೆ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆಯ ಒಂದು ಲೆಕ್ಕವನ್ನು ವಿಶ್ವ ಬ್ಯಾಂಕಿನವರೂ ಉಲ್ಲೇಖಿಸ್ತಾರೆ: ಮೂರು ವರ್ಷ ನಿರ್ವಹಣೆ ಬಿಟ್ಟರೆ ರಿಪೇರಿ ಖರ್ಚು ಆರು ಪಟ್ಟು, ಐದು ವರ್ಷ ಬಿಟ್ಟರೆ 18 ಪಟ್ಟು. ಆದ್ದರಿಂದ ಮನವಿಯಲ್ಲಿ "ಮರು ಡಾಂಬರೀಕರಣ ಮಾಡಿಕೊಡಿ" ಅಂತ ಬರೆಯೋ ಮುಂಚೆ ರಸ್ತೆ ಯಾವ ಸ್ಥಿತಿಯಲ್ಲಿದೆ ನೋಡಿ. ಬರೀ ಮೇಲ್ಪದರ ಹೋಗಿದ್ದರೆ ನವೀಕರಣ ಸಾಕು. ತಳವೇ ಕುಸಿದು ಚಕ್ರದ ಜಾಡು ಬಿದ್ದಿದ್ದರೆ ಮೇಲೆ ಹಾಕಿದ ಡಾಂಬರು ಒಂದು ಮಳೆಗಾಲ ಬಾಳೋದು ಕಷ್ಟ. ಅದಕ್ಕೆ ಮರು ನಿರ್ಮಾಣ ಅಂತಲೇ ಕೇಳಬೇಕು. ತಪ್ಪು ಕೆಲಸ ಮಂಜೂರಾದರೆ ಮತ್ತೆ ಕೇಳೋಕೆ "ಹೋದ ವರ್ಷ ತಾನೇ ಆಗಿದೆಯಲ್ಲ" ಅನ್ನೋ ಉತ್ತರ ಕಾದಿರುತ್ತೆ.

ನಮ್ಮೂರಿನ ಉದಾಹರಣೆ ಕೊಡ್ತೀನಿ, ಹೆಸರು ಬೇಡ. ಸಿರುಗುಪ್ಪ ತಾಲ್ಲೂಕು. ಮುಖ್ಯ ರಸ್ತೆಗೆ ಏಳು ಕಿಲೋಮೀಟರ್. ಅಮರಾವತಿ ಎಕ್ಸ್‌ಪ್ರೆಸ್ಸಲ್ಲಿ ಬಳ್ಳಾರಿಗೆ ಬಂದು ಇಳಿದರೆ ಮಿಕ್ಕ ದಾರಿಯೆಲ್ಲ ಸಲೀಸು, ಈ ಏಳು ಕಿಲೋಮೀಟರಿಗೆ ಮಾತ್ರ 40 ನಿಮಿಷ. ನನಗೆ ವರ್ಷಕ್ಕೆ ಮೂರು ಸಲದ ಕಷ್ಟ. ನಮ್ಮ ದೊಡ್ಡಪ್ಪ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬಳ್ಳಾರಿಗೆ ಹೋಗ್ತಾರೆ. ಹೋಗುವಾಗ ಹೇಗೋ ಹೋಗ್ತೀನಿ, ಬರುವಾಗ ಆ ಕುಲುಕಾಟ ತಡೆಯೋಕಾಗಲ್ಲ ಕಣೋ ಅಂತಾರೆ. ಮಳೆಗಾಲದಲ್ಲಿ ಶಾಲೆ ಬಸ್ಸು ಅರ್ಧ ದಾರಿಯಲ್ಲೇ ಮಕ್ಕಳನ್ನ ಇಳಿಸಿ ತಿರುಗುತ್ತೆ. ದೊಡ್ಡ ಮಕ್ಕಳು ನಡೀತಾರೆ, ಸಣ್ಣವರು ಅವತ್ತು ಶಾಲೆಗೇ ಹೋಗಲ್ಲ. 2021ರಲ್ಲಿ ದಾವಣಗೆರೆ ಜಿಲ್ಲೆಯ ಶಿಕ್ಷಕಿಯೊಬ್ಬರು ಊರಿಗೆ ರಸ್ತೆ ಆಗೋವರೆಗೂ ಮದುವೆ ಆಗಲ್ಲ ಅಂತ ಮುಖ್ಯಮಂತ್ರಿ ಕಚೇರಿಗೆ ಇಮೇಲ್ ಬರೆದಿದ್ದು ಸುದ್ದಿಯಾಗಿತ್ತು. ಕೆಲವರು ನಕ್ಕರು. ಹೆಣ್ಣು ನೋಡೋಕೆ ಬಂದವರು ರಸ್ತೆ ನೋಡಿ ವಾಪಸ್ ಹೋದ ಊರುಗಳು ನಮ್ಮ ಕಡೆ ಎಷ್ಟೋ ಇವೆ, ನಗೋ ವಿಷಯ ಅಲ್ಲ.

ಮೊದಲ ಪ್ರಶ್ನೆ: ಇದು ಯಾರ ರಸ್ತೆ?

ಕರ್ನಾಟಕದಲ್ಲಿ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಗ್ರಾಮೀಣ ರಸ್ತೆಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯವು. ನೋಡಿಕೊಳ್ಳೋದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಗ್ರಾಮ ಸಡಕ್ ರಸ್ತೆಗಳ ಜವಾಬ್ದಾರಿ ಅದೇ ಇಲಾಖೆಯ ಅಡಿಯ ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆಯದು. ರಾಜ್ಯದ್ದೇ ಆದ 'ನಮ್ಮ ಗ್ರಾಮ ನಮ್ಮ ರಸ್ತೆ' ಯೋಜನೆ ನಡೆದದ್ದೂ ಅದೇ ಮಾದರಿಯಲ್ಲಿ.

ಇಲ್ಲೊಂದು ತೊಡಕು ಇದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟೋ ಊರಿಗೆ ಹೋಗೋದು ಕಾಲುವೆ ದಂಡೆ ಮೇಲೆ. ಅದು ಹೆಸರಿಗೆ ಕಾಲುವೆ ತಪಾಸಣೆ ರಸ್ತೆ, ಪಂಚಾಯಿತಿಯದಲ್ಲ. ಎಡದಂಡೆಯಾದರೆ ರಾಜ್ಯದ ನೀರಾವರಿ ನಿಗಮ. ಬಳ್ಳಾರಿ ಕಡೆಯ ಕೆಳಮಟ್ಟದ ಕಾಲುವೆಯಾದರೆ ಅಂತರರಾಜ್ಯ ತುಂಗಭದ್ರಾ ಮಂಡಳಿ. ಅಂಥ ರಸ್ತೆಗೆ ಹತ್ತು ವರ್ಷ ಪಿಡಿಒ ಹಿಂದೆ ಅಲೆದರೂ ಅವರ ಕೈಯಲ್ಲಿ ಏನೂ ಇಲ್ಲ. ಮಲೆನಾಡಿನಲ್ಲಿ ಇದೇ ತೊಡಕು ಅರಣ್ಯ ಇಲಾಖೆ ರೂಪದಲ್ಲಿ ಬರುತ್ತೆ. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ನೆನಪಿರಲಿ: ರಸ್ತೆಯಂಥ ಸೌಕರ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ, ಹೆಕ್ಟೇರಿಗೆ 75 ಮರ ಮೀರದ ಹಾಗೆ, ಗ್ರಾಮ ಸಭೆಯ ಶಿಫಾರಸಿನ ಮೇಲೆ ಕೊಡೋಕೆ ಅವಕಾಶ ಇದೆ. ಪಾಡೇರಿನ ಬೆಟ್ಟಕ್ಕೂ ಇದೇ ಕಾನೂನು, ಪಶ್ಚಿಮ ಘಟ್ಟಕ್ಕೂ ಇದೇ.

ಯಾರ ರಸ್ತೆ ಅಂತ ತಿಳಿಯೋದು ಹೇಗೆ? ಗ್ರಾಮ ಸಡಕ್ ರಸ್ತೆಯಾದರೆ ಶುರುವಾಗೋ ಜಾಗದಲ್ಲಿ ಬೋರ್ಡ್ ಇರುತ್ತೆ, ಅಥವಾ ಅದರ ಎರಡು ಕಾಲಾದರೂ ಉಳಿದಿರುತ್ತೆ. ಪ್ಯಾಕೇಜ್ ನಂಬರು, ಉದ್ದ, ಮೊತ್ತ, ಮುಗಿದ ದಿನಾಂಕ, ಐದು ವರ್ಷದ ನಿರ್ವಹಣೆ ಮೊತ್ತ ವರ್ಷವಾರು ಬರೆದಿರ್ತಾರೆ. (ವಿಡಿಯೊದಲ್ಲಿ ಇಲ್ಲೇ ಬೋರ್ಡಿನ ಫೋಟೊ ತೋರಿಸಿದ್ದೆ.) ಬೋರ್ಡ್ ಇಲ್ಲದಿದ್ದರೆ ಯೋಜನೆಯ ಓಮ್ಮಾಸ್ ವೆಬ್‌ಸೈಟಿನಲ್ಲಿ ರಾಜ್ಯ, ಜಿಲ್ಲೆ, ಬ್ಲಾಕ್ ಆರಿಸಿ ಹುಡುಕಿ. ರಸ್ತೆ ಸಂಕೇತ 'ಟಿ'ಯಿಂದ ಶುರುವಾದರೆ ಹಲವು ಊರು ಹಾದು ಹೋಗೋ ರಸ್ತೆ, 'ಎಲ್' ಅಂದರೆ ಒಂದೆರಡು ಊರಿನ ಕೂಡು ರಸ್ತೆ, 'ಎಂಆರ್‌ಎಲ್' ಅಂದರೆ ಮುಖ್ಯ ಗ್ರಾಮೀಣ ಕೂಡು ರಸ್ತೆ. ನಿಮ್ಮದು 'ಎಲ್' ಆಗಿದ್ದರೆ ಮೂರನೇ ಹಂತದಂಥ ಯೋಜನೆಗಳಲ್ಲಿ ಯಾಕೆ ಬಿಟ್ಟು ಹೋಯ್ತು ಅಂತ ಅಲ್ಲೇ ಗೊತ್ತಾಗುತ್ತೆ.

ಅಲ್ಲೂ ಸಿಗದಿದ್ದರೆ ಮಾಹಿತಿ ಹಕ್ಕು. ಇದನ್ನ ವಿಶಾಖದಲ್ಲಿ ಕೂತೇ ಮಾಡಬಹುದು, ಕರ್ನಾಟಕದಲ್ಲಿ ಆನ್‌ಲೈನ್ ವ್ಯವಸ್ಥೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಕಥೆ ಬರೀಬೇಡಿ. ಹೀಗೆ ಕೇಳಿ ಸಾಕು: "ಇಂಥ ಊರಿನಿಂದ ಇಂಥ ಊರಿಗೆ ಹೋಗುವ ಇಷ್ಟು ಕಿ.ಮೀ. ರಸ್ತೆಯ ವರ್ಗ ಮತ್ತು ಸಂಕೇತ ಸಂಖ್ಯೆ. ಕೊನೆಯ ಬಾರಿ ಡಾಂಬರೀಕರಣವಾದ ವರ್ಷ, ಯೋಜನೆ ಮತ್ತು ಮೊತ್ತ. ನಿರ್ವಹಣಾ ಅವಧಿ ಮುಗಿಯುವ ದಿನಾಂಕ. ಕಳೆದ ಮೂರು ವರ್ಷದಲ್ಲಿ ಈ ರಸ್ತೆಗೆ ನಿರ್ವಹಣೆಗಾಗಿ ಖರ್ಚಾದ ಹಣ ಮತ್ತು ಅಳತೆ ಪುಸ್ತಕದ ಪ್ರತಿ." ಕೊನೆಯದ್ದು ಮುಖ್ಯ. ಕೆಲವೊಮ್ಮೆ ನಿಮ್ಮ ರಸ್ತೆ ಕಾಗದದಲ್ಲಿ ಹೋದ ವರ್ಷವೇ ರಿಪೇರಿ ಆಗಿರುತ್ತೆ. ಐದು ವರ್ಷದ ನಿರ್ವಹಣಾ ಅವಧಿ ಇನ್ನೂ ಮುಗಿದಿಲ್ಲ ಅಂತ ಉತ್ತರ ಬಂದರೆ ಹೊಸ ದುಡ್ಡೇ ಬೇಡ, ಗುತ್ತಿಗೆದಾರರಿಂದ ಮಾಡಿಸಿ ಅಂತ ಕೇಳಬಹುದು.

ಯಾವ ಬಾಗಿಲು ಎಷ್ಟು ಅಗಲ

ಏಳು ಕಿಲೋಮೀಟರ್ ಮರು ನಿರ್ಮಾಣ ಅಂತಿಟ್ಟುಕೊಳ್ಳಿ. ಕಿಲೋಮೀಟರಿಗೆ ಸುಮಾರು ಒಂದು ಕೋಟಿ ಲೆಕ್ಕದಲ್ಲಿ ಏಳು ಕೋಟಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಸಂಸದರದು 5 ಕೋಟಿ, ಅದು ಸರಾಸರಿ ಎಂಟು ವಿಧಾನಸಭಾ ಕ್ಷೇತ್ರಗಳಿಗೆ. ಆ ನಿಧಿಯಿಂದ ಮಾಡಿಕೊಡಿ ಅಂತ ಕೇಳೋದು ಲೋಟದಲ್ಲಿ ಕೆರೆ ತುಂಬಿಸಿದ ಹಾಗೆ. ಗ್ರಾಮ ಪಂಚಾಯಿತಿಗೆ ಬರೋ ಹಣಕಾಸು ಆಯೋಗದ ಅನುದಾನವೂ ಅಷ್ಟೇ. 15ನೇ ಆಯೋಗದ ಅವಧಿಯಲ್ಲಿ ಅದರ 60 ಭಾಗ ಕುಡಿಯೋ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಉಳಿದ 40ರಲ್ಲಿ ಒಂದು ಮೋರಿ, ನೂರು ಮೀಟರ್ ಚರಂಡಿ ಆಗಬಹುದು.

ಹಾಗಾದರೆ ಶಾಸಕರ ಹತ್ರ ಏನು ಕೇಳಬೇಕು? ಬಜೆಟ್ ಪುಸ್ತಕದಲ್ಲಿ ಎರಡು ನಂಬರು ಇವೆ, ತಾಲ್ಲೂಕು ಮಟ್ಟದ ಗುತ್ತಿಗೆದಾರರಿಗೆಲ್ಲ ಬಾಯಿಪಾಠ: 3054 ಮತ್ತು 5054. ಎರಡೂ ರಸ್ತೆ ಮತ್ತು ಸೇತುವೆಗಳದ್ದೇ. 3054 ಕಂದಾಯ ಲೆಕ್ಕ, ನಿರ್ವಹಣೆ ಅದರಲ್ಲಿ ಬರುತ್ತೆ. 5054 ಬಂಡವಾಳ ಲೆಕ್ಕ, ದೊಡ್ಡ ಕೆಲಸಕ್ಕೆ. "ನಿಮ್ಮ ನಿಧಿಯಿಂದ ಕೊಡಿ" ಅನ್ನೋ ಬದಲು "ಈ ಸಲದ ಕ್ರಿಯಾ ಯೋಜನೆಯಲ್ಲಿ ಈ ಸಂಕೇತದ ರಸ್ತೆ ಸೇರಿಸಿ, ಅಂದಾಜು ಪಟ್ಟಿ ಇಲ್ಲಿದೆ" ಅಂದರೆ ಮಾತಿನ ತೂಕವೇ ಬೇರೆ.

ದೊಡ್ಡ ದುಡ್ಡು ಬರೋ ಬಾಗಿಲುಗಳೂ ಇವೆ. ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿ 1995-96ರಿಂದ ಇದೆ. ಆದ್ಯತಾ ವಲಯಕ್ಕೆ ಕೊಡಬೇಕಾದಷ್ಟು ಸಾಲ ಕೊಡದ ಬ್ಯಾಂಕುಗಳು ಆ ಕೊರತೆಯ ಹಣವನ್ನು ಇಲ್ಲಿ ಇಡಬೇಕು, ಅದನ್ನೇ ರಾಜ್ಯಗಳಿಗೆ ರಸ್ತೆ, ಸೇತುವೆಗೆ ಸಾಲ ಕೊಡ್ತಾರೆ. ನಮ್ಮ ಸಂಬಳ ಬರೋ ಬ್ಯಾಂಕು ರೈತರಿಗೆ ಕೊಡದೆ ಉಳಿಸಿದ ದುಡ್ಡು ಹೀಗೆ ಸುತ್ತಿ ಊರಿಗೆ ಬರಬಹುದು ಅನ್ನೋದು ನನಗೆ ಯಾವಾಗಲೂ ತಮಾಷೆ ಅನಿಸುತ್ತೆ. 2020-21ರಿಂದ ಕೇಂದ್ರ ರಾಜ್ಯಗಳಿಗೆ 50 ವರ್ಷದ ಬಡ್ಡಿರಹಿತ ಬಂಡವಾಳ ಸಾಲವನ್ನೂ ಕೊಡ್ತಿದೆ. ಆಂಧ್ರ 2018ರಲ್ಲಿ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನಿಂದ 45.5 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಪಡೆದು ಸುಮಾರು 3,300 ಜನವಸತಿಗೆ ರಸ್ತೆ ಮಾಡೋ ಯೋಜನೆ ಹಾಕಿತ್ತು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಾದರೆ 371ಜೆ ಅಡಿಯ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಅದರ ಹಣದಲ್ಲಿ 'ಕಲ್ಯಾಣ ಪಥ' ಅಂತ ಗ್ರಾಮೀಣ ರಸ್ತೆ ಯೋಜನೆಯೇ ಬಂದಿದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರಿನ ಗಣಿ ಬಾಧಿತ ಊರುಗಳಿಗೆ ಸುಪ್ರೀಂ ಕೋರ್ಟ್ ನಿಗಾದಲ್ಲಿ ಸುಮಾರು 25 ಸಾವಿರ ಕೋಟಿಯ ಪುನಶ್ಚೇತನ ಯೋಜನೆ ಬೇರೆ ಇದೆ. ಗಣಿ ಲಾರಿಯಿಂದ ರಸ್ತೆ ಹಾಳಾದ ಊರಿನವರು ಪಂಚಾಯಿತಿ ಬಾಗಿಲಲ್ಲೇ ನಿಲ್ಲಬೇಕಿಲ್ಲ.

ಉದ್ಯೋಗ ಖಾತರಿ ಬಗ್ಗೆ ಒಂದು ಮಾತು. ಅದರಲ್ಲಿ ಕೂಲಿಗೆ 60, ಸಾಮಗ್ರಿಗೆ 40 ಅನ್ನೋ ಲೆಕ್ಕ ಇದ್ದದ್ದರಿಂದ ಯಂತ್ರ, ಡಾಂಬರು ಜಾಸ್ತಿ ಬೇಕಾದ ಕೆಲಸಕ್ಕೆ ಹೊಂದುತ್ತಿರಲಿಲ್ಲ. ಆದರೆ ರಸ್ತೆ ಪಕ್ಕದ ಚರಂಡಿ, ಮಣ್ಣಿನ ಅಂಚು, ಜಾಲಿ ಸವರೋದು, ರಸ್ತೆ ಆಯುಷ್ಯ ಹೆಚ್ಚಿಸೋ ಕೆಲಸ ಇದೇ ತಾನೆ? 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿದೆ. ಆದ್ದರಿಂದ ಈಗ ಯಾವ ಕೆಲಸ ಸೇರಿಸಬಹುದು ಅಂತ ಪಿಡಿಒ ಹತ್ರ ಕೇಳ್ಕೊಂಡೇ ಬರೆಸಿ.

ದಸರಾ ರಜೆಯ ಕೆಲಸ

ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿ ಪ್ರತಿ ವರ್ಷ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತೆ. ನಾವು ದಸರಾಕ್ಕೆ ಊರಿಗೆ ಹೋಗೋ ಹೊತ್ತು. ಕರ್ನಾಟಕದ ಕಾಯ್ದೆಯಲ್ಲಿ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ, ಆರು ತಿಂಗಳಿಗೊಮ್ಮೆಯಾದರೂ ನಡೀಬೇಕು. ಅಲ್ಲಿ ನಿಮ್ಮ ರಸ್ತೆ ನಡಾವಳಿಯಲ್ಲಿ ಬರಬೇಕು. ದೊಡ್ಡ ಮೊತ್ತ ಪಂಚಾಯಿತಿ ಕೊಡಲ್ಲ, ನಿಜ. ಆದರೆ ಆ ನಿರ್ಣಯದ ಪ್ರತಿ ಇಲ್ಲದೆ ಮೇಲಿನವರು ಅದನ್ನ ಒಬ್ಬರ ಕೋರಿಕೆ ಅಂತ ನೋಡ್ತಾರೆ, ಊರಿನ ಬೇಡಿಕೆ ಅಂತ ಅಲ್ಲ.

ನಿರ್ಣಯದಲ್ಲಿ ರಸ್ತೆ ಸಂಕೇತ, ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಎಷ್ಟು ಮೋರಿ ಒಡೆದಿವೆ, ಎಷ್ಟು ಮನೆ, ಎಷ್ಟು ಶಾಲಾ ಮಕ್ಕಳು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ, ಬಸ್ಸು ಯಾವಾಗ ನಿಂತಿತು, ಇಷ್ಟು ಬರೆಸಿ. ಹೊಸ ರಸ್ತೆ ಆರಿಸುವಾಗ ಅಂಕ ಕೊಡೋದು ಇಂಥವಕ್ಕೇ. ಮೊಬೈಲಲ್ಲಿ ಲೊಕೇಶನ್ ಆನ್ ಮಾಡಿ ನೂರು ಮೀಟರಿಗೊಂದು ಫೋಟೊ ತೆಗೆದು ಮ್ಯಾಪ್ ಮೇಲೆ ಕೂರಿಸೋದು ನಮ್ಮಂಥವರಿಗೆ ಒಂದು ಮಧ್ಯಾಹ್ನದ ಕೆಲಸ. ಆಮೇಲೆ ನಿರ್ಣಯದ ಪ್ರತಿ ಹಿಡ್ಕೊಂಡು ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದ ಎಇಇ ಹತ್ರ ಹೋಗಿ ಅಂದಾಜು ಪಟ್ಟಿ ಕೇಳಿ. ಅಂದಾಜು ಪಟ್ಟಿ ಬಂದ ಮೇಲೆ ಶಾಸಕರು, ಸಂಸದರು, ಜಿಲ್ಲಾ ಪಂಚಾಯಿತಿ ಸಿಇಒ. ಈ ಕ್ರಮ ತಿರುಗು ಮುರುಗು ಮಾಡಬೇಡಿ. ಸಂಸದರ ಪತ್ರ ಬೇಡ ಅಂದ್ಕೋಬೇಡಿ, ಗ್ರಾಮ ಸಡಕ್ ಪಟ್ಟಿ ಮಾಡುವಾಗ ಅವರ ಸಲಹೆ ಕೇಳಬೇಕು ಅಂತ ನಿಯಮದಲ್ಲೇ ಇದೆ.

ಮತ್ತೆ, ಊರಲ್ಲಿರೋರನ್ನು ಮುಂದೆ ಬಿಡಿ. ನಾವು ವರ್ಷಕ್ಕೆರಡು ಸಲ ಬಂದು ಇಂಗ್ಲಿಷ್ ಬೆರೆಸಿ ಮಾತಾಡಿದರೆ ಪಿಡಿಒಗೂ ಸಿಟ್ಟು, ಸದಸ್ಯರಿಗೂ ಅನುಮಾನ. ಸ್ವಸಹಾಯ ಸಂಘದ ಹೆಂಗಸರು ನಾಲ್ಕು ಜನ ಸಭೆಯಲ್ಲಿ ಎದ್ದು ನಿಂತು ಆಂಬುಲೆನ್ಸ್ ಬರಲ್ಲ ಅಂದಾಗ ಆಗೋ ಕೆಲಸ ನಮ್ಮ ಪ್ರೆಸೆಂಟೇಶನ್ನಿಂದ ಆಗಲ್ಲ.

ನೋಡುಗರ ಪ್ರಶ್ನೆಗಳು

"ನಾವೇ ಊರ ಹುಡುಗರು ದುಡ್ಡು ಹಾಕಿ ಮಾಡಿಸಬಹುದಾ?" ಗನ್ನವರಂನಿಂದ ಒಬ್ಬರು ಕೇಳಿದ್ದಾರೆ. ಡಾಂಬರಿಗೆ ಹಾಕಬೇಡಿ ಅಂತ ನಾನು ಹೇಳ್ತೀನಿ. ರಸ್ತೆ ಇಲಾಖೆಯದು, ಅನುಮತಿ ಬೇಕು, ಮತ್ತೆ ಏಳು ಕೋಟಿ ಕೆಲಸಕ್ಕೆ ಏಳು ಲಕ್ಷ ಹಾಕಿದರೆ ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತೆ. ಹಾಕೋದಾದರೆ ಪಂಚಾಯಿತಿಗೆ ತಿಳಿಸಿ ಮೋರಿ ಹೂಳು ತೆಗೆಸಿ, ನೀರು ನಿಲ್ಲೋ ಕಡೆ ಗರಸು ಹಾಕಿಸಿ.

"ನಮ್ಮೂರು ಗಡಿಯಲ್ಲಿದೆ, ರಸ್ತೆ ಅರ್ಧ ಆಂಧ್ರ, ಅರ್ಧ ಕರ್ನಾಟಕ." ಪಾವಗಡ, ಮಡಕಶಿರಾ, ರಾಯದುರ್ಗ ಕಡೆ ಇಂಥವು ಬಹಳ. ಎರಡು ಅರ್ಧಕ್ಕೂ ಬೇರೆ ಬೇರೆ ಅರ್ಜಿ ಬೇಕು. ಆಂಧ್ರದ ಭಾಗಕ್ಕೆ ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ನಡೆಯೋ ಕುಂದುಕೊರತೆ ಸಭೆಯಲ್ಲಿ ಕೊಡಬಹುದು. ಆ ಕಡೆಯ ಊರಿನವರ ಹೆಸರಲ್ಲಿ, ತೆಲುಗಿನಲ್ಲಿ ಕೊಟ್ಟರೆ ಒಳ್ಳೆಯದು. ಒಂದು ಕಡೆ ಮಂಜೂರಾದ ಆದೇಶದ ಪ್ರತಿ ಇನ್ನೊಂದು ಕಡೆ ಲಗತ್ತಿಸಿ.

"ಕೆಲಸ ಮಂಜೂರಾಯ್ತು, ಗುಣಮಟ್ಟ ಯಾರು ನೋಡ್ತಾರೆ?" ಗ್ರಾಮ ಸಡಕ್ ರಸ್ತೆಯಾದರೆ 'ಮೇರಿ ಸಡಕ್' ಅನ್ನೋ ಆ್ಯಪ್ 2015ರಿಂದ ಇದೆ, ಫೋಟೊ ಸಮೇತ ದೂರು ಹಾಕಬಹುದು. ಬೇರೆ ಯೋಜನೆಯಾದರೆ ಅಂದಾಜು ಪಟ್ಟಿಯ ಪ್ರತಿ ಇಟ್ಕೊಂಡು ಕೆಲಸ ನಡೆಯೋ ದಿನ ಒಬ್ಬರಾದರೂ ಸ್ಕೇಲ್ ಹಿಡ್ಕೊಂಡು ನಿಲ್ಲಿ. ಜಲ್ಲಿ ಪದರ ರೋಲರ್ ಹೊಡೆದ ಮೇಲೆ 75 ಮಿಲಿಮೀಟರ್ ಅಂತಿದ್ದರೆ 75 ಇರಬೇಕು. ಡಾಂಬರು ಬೀಳೋಕೆ ಮುಂಚೆ ಅಳೀರಿ, ಆಮೇಲೆ ಅಳೆಯೋಕೆ ರಸ್ತೆ ಅಗೀಬೇಕಾಗುತ್ತೆ.